ಹಂಡೆಯೊಳಗೊಂದು ಹಿಡಿ ಜೋಳ

ತೋಟದ ಮನೆ,
ಚಿಕ್ಕೋಡಿ ತಾಲ್ಲೂಕು
೨೫ ಸೆಪ್ಟೆಂಬರ್ ೨೦೨೫

ಚಿ. ಸೌ. ಅನುಸೂಯಾಳಿಗೆ ಅಪ್ಪನ ಆಶೀರ್ವಾದ.

ಗಣಪತಿ ಕೂಡ್ರಿಸುವ ಮುಂದೆ ನೀನು ಫೋನ್ ಮಾಡಿದ್ದೆ. ಈಗ ದೇವರ ಮುಂದೆ ನವರಾತ್ರಿಯ ಘಟ ಕುಳಿತು, ಅದರ ಸುತ್ತ ಹಾಕಿದ ಕಾಳು ಮೊಳಕೆ ಒಡೆದಿದೆ. ಅಂದಿನ ಮಾತಿಗೆ ಇಂದು ಉತ್ತರ ಬರೆಯುತ್ತಿದ್ದೇನೆ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಪತ್ರಿಕೆಗೆ ಬರೆಯಬೇಕಾದರೆ ನನಗೆ ಒಂದು ತಾಸು ಸಾಕು ಎಂಬುದು ನಿನಗೆ ಗೊತ್ತು. ಮಗಳಿಗೆ ಬರೆಯಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯಿತು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ಫೋನಿನಲ್ಲಿ ನೀನು "ನೋಡೂಣಪ್ಪಾ" ಅಂದು ಇಟ್ಟುಬಿಡುತ್ತೀ. ನಿನ್ನ ಅವ್ವ ಅಡುಗೆಮನೆಯಲ್ಲಿದ್ದರೂ ಅವಳ ಕಿವಿ ನನ್ನ ಹತ್ತಿರವೇ ಇರುತ್ತದೆ. ಈ ಮಾತುಗಳು ಅವಳ ಕಿವಿಗೆ ಬೀಳುವುದು ಬೇಡವೆಂದು ಹೊಲದ ಬೇವಿನ ಗಿಡದ ಕೆಳಗೆ ಕೂತು ಬರೆಯುತ್ತಿದ್ದೇನೆ. ಕುರಿಗಳು ಸುತ್ತಲೂ ಮೇಯುತ್ತಿವೆ. ಅಕ್ಷರ ಅಲ್ಲಲ್ಲಿ ಸೊಟ್ಟಗಾಗಿದ್ದರೆ ಯಾವುದೋ ಮರಿ ಬಂದು ಮೊಣಕೈಗೆ ತಲೆ ಕೊಟ್ಟಿದೆ ಎಂದು ತಿಳಿ.

ಮೊದಲು ಮನೆಯ ಸುದ್ದಿ. ಕರಿ ಎಮ್ಮೆ ಈದಿದೆ, ಹೆಣ್ಣು ಕರು. ಕಬ್ಬು ಆಳೆತ್ತರ ದಾಟಿದೆ. ಪಕ್ಕದ ತೋಟದ ಶೇವಂತಾ ವೈನಿ ಮೊನ್ನೆ ಹೊಸ ಕನ್ನಡಕ ಹಾಕಿಸಿಕೊಂಡು ಬಂದರು. ಈಗ ನಮ್ಮ ಅಂಗಳದಲ್ಲಿ ಏನು ನಡೆದರೂ ಅವರಿಗೆ ಇನ್ನೂ ನಿಚ್ಚಳವಾಗಿ ಕಾಣುತ್ತದೆ.

ನೀನು ಅಂದು ಹೇಳಿದ ಮಾತು ನಿನಗೆ ನೆನಪಿರಬೇಕು. "ಈ ಸಲ ಬಾಣಂತನ ಅತ್ತಿ ಮನ್ಯಾಗ ಆಗಲಿ ಅವ್ವಾ. ಇಲ್ಲೆ ಅಥಣ್ಯಾಗ ದವಾಖಾನಿ ಹತ್ತರ ಐತಿ" ಅಂದೆ. ನೀನು ಅಂದದ್ದು ತಪ್ಪಲ್ಲ. ನಿನ್ನ ಅವ್ವನೂ ಹಾಗೆ ಭಾವಿಸಲಿಲ್ಲ. "ಆಗಲಿ ಬಾಳಾ, ನಿನಗ ಎಲ್ಲಿ ಚಲೋ ಅನಸ್ತೈತಿ ಅಲ್ಲೇ ಆಗಲಿ" ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಹೋದಳು. ನಾನು ನಿನ್ನ ಜೊತೆ ಮಾತಾಡಿ ಹೊರಗೆ ಬಂದು ನೋಡಿದರೆ ನೀರು ತುಂಬುತ್ತಿದ್ದಳು. ಹಂಡೆ ತುಂಬಿತ್ತು, ಅದಕ್ಕೇ ಮತ್ತೆ ಒಂದು ಕೊಡ ಸುರಿದಳು. ಮಣ್ಣಿನ ಹರವಿ ತುಂಬಿತ್ತು, ಅದಕ್ಕೂ ಸುರಿದಳು. ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿ ತುಂಬಿ ಹರಿದು ಕೊಟ್ಟಿಗೆಯ ಬಾಗಿಲು ಕೆಸರಾಯಿತು. ನಳಕ್ಕೆ ನೀರು ಎರಡು ಮೂರು ದಿನಕ್ಕೊಮ್ಮೆ ಬರುವ ಊರಿನಲ್ಲಿ ಯಾರೂ ಹಾಗೆ ನೀರು ಚೆಲ್ಲುವುದಿಲ್ಲ.

"ಅದು ತುಂಬೇತಿ, ಯಾಕ ಸುರೀತಿ" ಅಂದೆ.

"ತುಂಬಿರ್ಲಿ" ಅಂದಳು. ನನ್ನ ಕಡೆ ನೋಡಲಿಲ್ಲ.

ಹೋದ ವರ್ಷದಿಂದ ಅವಳು ಹೀಗಾಗಿದ್ದಾಳೆ. ನಮ್ಮ ಅಂಗಳದಲ್ಲಿ ಒಂದು ಚರಿಗೆಯೂ ಬರಿದಾಗಿ ನಿಲ್ಲುವಂತಿಲ್ಲ. ಬಳಸಿದಷ್ಟು ನೀರನ್ನು ಮೇಲಿನಿಂದ ಮತ್ತೆ ತುಂಬುತ್ತಾಳೆ. ಹೀಗಾಗಿ ತಳದ ನೀರು ಯಾವ ಕಾಲದ್ದೋ ಯಾರಿಗೂ ಗೊತ್ತಿಲ್ಲ. ಬಸುರಿ ಹೆಂಗಸು ತಿರುಗಾಡುವ ಅಂಗಳದಲ್ಲಿ ಬರಿ ಹಂಡೆ ಕಣ್ಣಿಗೆ ಬೀಳಬಾರದು ಎಂಬ ಮಾತನ್ನು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಆಡುತ್ತಾರೆ. ನಿನ್ನ ಆಯಿಯೂ, ಅಂದರೆ ನನ್ನ ಅವ್ವನೂ ಆಡುತ್ತಿದ್ದಳು. ಆದರೆ ನಿನ್ನ ಅವ್ವನಿಗೆ ಅದು ಆಡುವ ಮಾತಾಗಿ ಉಳಿದಿಲ್ಲ.

ಹೋದ ವರ್ಷ ನೀನು ಪಂಚಮಿಗೆ ಬಂದು ಮೂರು ವಾರ ಇದ್ದು ಹೋದೆ. ಅಥಣಿಗೆ ಹೋದ ಮೇಲೆ ಚಳಿಜ್ವರ ಬಂತು, ರಕ್ತ ನೋಡಿ ಮಲೇರಿಯಾ ಎಂದರು. ಜ್ವರ ಇಳಿಯಿತು, ಆದರೆ ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು ಉಳಿಯಲಿಲ್ಲ. ಇದನ್ನೆಲ್ಲ ನಿನಗೇ ಬರೆಯುವುದು ಎಷ್ಟು ಕಷ್ಟ ಎಂದು ಬರೆಯುವಾಗ ತಿಳಿಯುತ್ತಿದೆ. ಆದರೂ ಬರೆಯುತ್ತೇನೆ. ನಾವು ಮೂವರೂ ಇದನ್ನು ಬಾಯಿಬಿಟ್ಟು ಆಡದೆ ಒಂದು ವರ್ಷ ಕಳೆದೆವು. ಈ ವರ್ಷದ ಪಂಚಮಿಗೆ ನೀನು ಬರಲಿಲ್ಲ, ನಾನು ಜೋಕಾಲಿಯ ಹಗ್ಗ ಹೊರಗೆ ತೆಗೆಯಲಿಲ್ಲ.

ಈಗ ನನ್ನ ಸಿಟ್ಟಿನ ಮಾತು. ಅದಿಲ್ಲದೆ ನಾನು ಬರೆದ ಪತ್ರ ಎಂದು ನೀನು ನಂಬುವುದಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದಾಗ ಪಂಪು ಹಿಡಿದ ಮಂದಿ ಬಂದು ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಆಮೇಲೆ ಸೈಕಲ್ ಮೇಲೆ ಒಬ್ಬರು ಬಂದು "ಯಾರಿಗಾದ್ರೂ ಜ್ವರ ಬಂದಾವೇನ್ರಿ" ಎಂದು ಕೇಳಿ, ಬಂದಿದ್ದರೆ ಬೆರಳು ಚುಚ್ಚಿ ಗಾಜಿನ ತುಂಡಿನ ಮೇಲೆ ರಕ್ತ ಸವರಿಕೊಂಡು, ಕಹಿ ಗುಳಿಗೆ ಕೊಡುತ್ತಿದ್ದರು. ನಿನ್ನ ಆಯಿ ಪಂಪಿನವರು ಹೋದ ಮೇಲೆ "ಮನಿ ಏನ್ ನಾರತೈತೋ" ಎಂದು ದಸರೆಯ ನೆವದಲ್ಲಿ ಗೋಡೆಗೆಲ್ಲ ಸಗಣಿ ಸಾರಿಸಿಬಿಟ್ಟಳು. ಸರಕಾರದ ಔಷಧ ಸಗಣಿಯ ಹಿಂದೆ ಉಳಿಯಿತು, ಸೊಳ್ಳೆ ಸಗಣಿಯ ಮುಂದೆ ಆರಾಮಾಗಿ ಕುಳಿತಿತು. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಸರದಿಯ ಮೇಲೆ ಕಂಬಳಿ ಹೊದ್ದು ನಡುಗಿದೆವು.

ಈ ರೋಗ ಸೊಳ್ಳೆಯಿಂದ ಬರುತ್ತದೆ, ಆ ಸೊಳ್ಳೆ ನಿಂತ ನೀರಿನಲ್ಲಿ ಹುಟ್ಟುತ್ತದೆ ಎಂದು ಅಂದೇ ನಮಗೆ ಹೇಳಿದ್ದರು. ಐವತ್ತು ವರ್ಷವಾಯಿತು. ಈಗಲೂ ಪ್ರತಿ ಮಳೆಗಾಲದಲ್ಲಿ ಇವತ್ತೇ ಕಂಡುಹಿಡಿದವರಂತೆ "ಮುನ್ನೆಚ್ಚರಿಕೆ ವಹಿಸಿ" ಎಂದು ಪತ್ರಿಕೆಯಲ್ಲಿ ಬರುತ್ತದೆ. ಜೊತೆಗೆ ಓಣಿಯಲ್ಲಿ ಹೊಗೆ ಬಿಡುವ ಚಿತ್ರ. ಹೊಗೆ ಹೋಗುತ್ತದೆ, ಹೊಗೆಯ ಹಿಂದೆ ಓಡಿದ ಮಕ್ಕಳು ಕೆಮ್ಮುತ್ತಾರೆ, ಮರುದಿನ ಸೊಳ್ಳೆ ತನ್ನ ಕೆಲಸಕ್ಕೆ ಬರುತ್ತದೆ. ನಾನು ಇದನ್ನು ಉದ್ದಕ್ಕೆ ಬರೆದು ಕಳಿಸಿದೆ. ಮುಖ್ಯವಾದದ್ದನ್ನೆಲ್ಲ ಕತ್ತರಿಸಿ ನನ್ನ ಹೆಸರನ್ನು ಮಾತ್ರ ಸರಿಯಾಗಿ ಹಾಕಿದರು. ನಿನ್ನ ಅವ್ವನಿಗೆ ತೋರಿಸಿದರೆ, "ನೀವು ಪೇಪರಿನ್ಯಾಗ ಬರದ್ರ ಸೊಳ್ಳಿ ಓದತಾವೇನ್ರಿ" ಅಂದಳು.

ಈ ಆಷಾಢದಲ್ಲಿ ಶೇವಂತಾ ವೈನಿಯ ಯಜಮಾನರಿಗೆ ಚಳಿಜ್ವರ ಬಂದು ರಕ್ತದಲ್ಲಿ ಮಲೇರಿಯಾ ಸಿಕ್ಕಿತು. ವೈನಿ ಊರೆಲ್ಲ, "ಕಬ್ಬು ಕಡಿಯೋ ಮಂದಿ ತಂದ ಹಚ್ಯಾರ" ಎಂದು ಹೇಳಿಕೊಂಡು ತಿರುಗಿದರು. ಕಬ್ಬು ಕಡಿಯುವವರು ಬರುವುದು ದೀಪಾವಳಿಯ ಸುತ್ತಮುತ್ತ. ಆಷಾಢದ ಜ್ವರವನ್ನು ಅವರು ಅಂಚೆಯಲ್ಲಿ ಕಳಿಸಿದರೇನು ಎಂದು ಕೇಳಿದೆ. ವೈನಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಅವರ ಯಜಮಾನರು ಗುಳಿಗೆ ಮುಗಿಸಿ ಈಗ ಹುಷಾರಾಗಿದ್ದಾರೆ.

ಆ ಜ್ವರದ ಮನೆ ನಮ್ಮ ಅಂಗಳದಿಂದ ಕೂಗಿದರೆ ಕೇಳುವಷ್ಟು ದೂರ. ನೀನು ಬಂದರೆ ಮಲಗುವುದು ಕೊಟ್ಟಿಗೆಯ ಕಡೆ ಕಿಟಕಿಯಿರುವ ಚಿಕ್ಕ ಕೋಣೆಯಲ್ಲಿ. ಹೀಗಾಗಿ, ನೀನು ಬರುವುದಿಲ್ಲ ಎಂದ ಮೇಲೂ ನಾನು ಸುಮ್ಮನೆ ಕೂಡಲಿಲ್ಲ. ಕಿಟಕಿಗೆ ಸಣ್ಣ ಕಣ್ಣಿನ ಜಾಳಿಗೆ ಬಡಿದೆ. ಮೊದಲ ಸಲ ಒಂದು ಮೂಲೆಯಲ್ಲಿ ಕೈ ತೂರುವಷ್ಟು ಸಂದು ಉಳಿಯಿತು. "ಇದು ಸೊಳ್ಳಿಗಿ ಬಾಗಲಾ ಏನ್ರಿ" ಎಂದು ನಿನ್ನ ಅವ್ವ ಕೇಳಿದ ಮೇಲೆ ಕಿತ್ತು ಮತ್ತೆ ಬಡಿದೆ. ಮೋರಿಯ ನೀರು ನಿಲ್ಲದಂತೆ ಬಾಳೆಯ ಬುಡಕ್ಕೆ ಕಾಲುವೆ ತೋಡಿದೆ. ಚಿಕ್ಕೋಡಿಯಿಂದ ದೊಡ್ಡ ಸೊಳ್ಳೆಪರದೆ ತಂದೆ. ಅದನ್ನು ಬಿಚ್ಚಿ ನೋಡುವಾಗ ವೈನಿ ಬಂದು, "ಭಾರಿ ಚಲೋ ಐತಿ ಭಾವುಜಿ, ಶ್ಯಾವಿಗಿ ಒಣಗಸಾಕ" ಅಂದರು. ಹೋದ ವರ್ಷ ದವಾಖಾನೆಯವರು ಕೊಟ್ಟ ಪರದೆ ಅವರ ಮನೆಯಲ್ಲಿ ಇಂದಿಗೂ ಶ್ಯಾವಿಗೆಯ ಮೇಲೇ ಇದೆ. ಅವರ ಶ್ಯಾವಿಗೆಗೆ ಮಲೇರಿಯಾ ಬರುವ ಭಯವಿಲ್ಲ.

ಆದರೆ ಇಷ್ಟೆಲ್ಲ ಮಾಡಿ ಅಂಗಳದ ನೀರನ್ನು ಹಾಗೇ ಬಿಟ್ಟರೆ ಏನು ಬಂತು? ಒಂದು ಮುಂಜಾನೆ ಬಿಳಿ ಬಟ್ಟಲಿನಲ್ಲಿ ಹಂಡೆಯ ನೀರು ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. ಸೊಳ್ಳೆಮರಿಗಳು ಇದ್ದವು. ಬೇರೆ ಸೊಳ್ಳೆಯ ಮರಿ ತಲೆ ಕೆಳಗಾಗಿ ಜೋತಾಡುತ್ತದೆ. ಮಲೇರಿಯಾ ಸೊಳ್ಳೆಯ ಮರಿ ನೀರಿನ ಮೇಲೆ ಹುಲ್ಲಿನ ತುಣುಕಿನಂತೆ ಅಡ್ಡಡ್ಡ ಮಲಗಿರುತ್ತದೆ. ಇವು ಅಡ್ಡ ಮಲಗಿದ್ದವು. ಅದಕ್ಕೆ ಕೊಳಚೆ ಬೇಕಿಲ್ಲ ಅನು, ನಿನ್ನ ಅವ್ವ ಸೋಸಿ ತುಂಬಿದಂಥ ತಿಳಿನೀರೇ ಬೇಕು.

"ಇದನ್ನ ಚೆಲ್ಲಿ ತಿಕ್ಕಿ ಒಣಗಿಸಬೇಕು. ವಾರಕ್ಕೊಮ್ಮೆ ಹಿಂಗ ಮಾಡಿದರ ಮರಿ ಸೊಳ್ಳಿ ಆಗಿ ಹಾರೂದಿಲ್ಲ" ಎಂದು ಅವಳಿಗೆ ಹೇಳಿದೆ.

"ಹಂಡೆ ಬರಿದು ಇಡಾಂಗಿಲ್ಲ" ಅಂದಳು.

"ಒಂದು ಹೊತ್ತು ಅಷ್ಟ."

"ಬರಿ ಹಂಡೆ ಒಮ್ಮೆ ನೋಡೀನಿ. ಸಾಕು."

ಆಗ ನನಗೆ ತಿಳಿಯಿತು. ಹೋದ ವರ್ಷ ನೀನು ಅಥಣಿಗೆ ಹೊರಟ ದಿನ ಅವಳು ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಲೆಂದು ಬೋರಲು ಹಾಕಿದ್ದಳು. ನೀನು ಅದರ ಪಕ್ಕದಿಂದಲೇ ಹಾದು ಹೋಗಿ ಜೀಪು ಹತ್ತಿದೆ. ನೀನು ನೋಡಿದೆಯೋ ಇಲ್ಲವೋ, ನೋಡಿದೆ ಎಂದೇ ಅವಳ ಲೆಕ್ಕ. ಕೂಸು ಹೋದದ್ದು ಅದರಿಂದ ಎಂದು ಒಂದು ವರ್ಷ ಒಳಗೊಳಗೇ ನಂಬಿಕೊಂಡಿದ್ದಾಳೆ. ಅಂದಿನಿಂದಲೇ ಈ ತುಂಬುವುದು.

ನಿನ್ನ ಅಪ್ಪ ಎಂಥವನು ಎಂದು ನಿನಗೆ ಗೊತ್ತು. ತಪ್ಪು ಮಾತು ಕೇಳಿದರೆ ಬಸ್ಸಿನಲ್ಲಿ ಗುರುತಿಲ್ಲದವನನ್ನೂ ತಿದ್ದುವವನು. ನಿನ್ನ ಅವ್ವನ ಹೆಸರು ಹಿಡಿದು ಹೇಳುವ ಉತ್ತರ ನಾಲಿಗೆಯ ತುದಿಯಲ್ಲಿತ್ತು: ಬರಿ ಹಂಡೆಯಲ್ಲ ಸತ್ತೆವ್ವಾ, ತುಂಬಿದ ಹಂಡೆ. ನೀನು ಇದ್ದ ಮೂರು ವಾರವೂ ಈ ಅಂಗಳದಲ್ಲಿ ನೀರು ತುಂಬಿ ನಿಂತಿತ್ತು, ಮಗಳಿಗೆ ತಲೆಸ್ನಾನಕ್ಕೆ ನೀರು ಕಡಿಮೆಯಾಗಬಾರದೆಂದು ಅವಳೇ ಹೊತ್ತು ತಂದು ತುಂಬಿದ್ದಳು. ಕಚ್ಚಿದ ಸೊಳ್ಳೆ ಇದೇ ನೀರಿನದು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೂ ನನಗೆ ಅನುಮಾನ ಉಳಿದಿಲ್ಲ. ಇದನ್ನು ಅವಳಿಗೆ ಹೇಗೆ ಹೇಳುವುದು? ಕುರಿ ಬಿಡಲು ಹೋದೆ.

ಹೇಳದೆಯೇ ಕೆಲಸ ಸಾಧಿಸಲು ನೋಡಿದೆ. ದೋಣಿಗೂ ಸಿಮೆಂಟ್ ಟಾಕಿಗೂ ಗಪ್ಪಿ ಮೀನು ತಂದು ಬಿಟ್ಟೆ. ಅವು ಮರಿಗಳನ್ನು ತಿನ್ನುತ್ತವೆ. ಎಮ್ಮೆ ಮೂಸಿ ನೋಡಿ ಕುಡಿಯಿತು, ಅದರದೇನೂ ತಕರಾರಿಲ್ಲ. ಹಂಡೆ, ಹರವಿಗಳಿಗೆ ಮೀನು ಬಿಡುವಂತಿಲ್ಲವಲ್ಲ. ಅದಕ್ಕೆ ಅವಳು ಹಾಲು ಕರೆಯಲು ಕೂತಾಗ ಕಳ್ಳನಂತೆ ಹಂಡೆ ಬಗ್ಗಿಸಿದೆ. ಅವಳು ಬಂದು ನೋಡಿ ಮತ್ತೆ ತುಂಬಿದಳು. ಮರುದಿನವೂ ಅದೇ ಆಯಿತು. ನಾನು ಚೆಲ್ಲುವುದು, ಅವಳು ತುಂಬುವುದು. ವೈನಿ ಬೇಲಿಯ ಆಚೆ ನಿಂತು, "ಏನ ಭಾವುಜಿ, ಇಬ್ಬರೂ ಕೂಡಿ ಬಾವೀನ ಬತ್ತಸಾಕ ಹತ್ತೀರೇನ" ಎಂದು ಕೇಳಿದರು.

ಆಮೇಲೆ ಒಂದು ಬುಧವಾರ ನಾನು ಎದ್ದು ಹೊರಗೆ ಬರುವಷ್ಟರಲ್ಲಿ ತಾಮ್ರ ತಿಕ್ಕುವ ಸದ್ದು ಕೇಳಿಸಿತು. ನಿನ್ನ ಅವ್ವ ತಾನೇ ಹಂಡೆಯ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಬೂದಿ ಮತ್ತು ನಾರು ಹಿಡಿದು ಒಳಗಿನ ಅಂಚನ್ನೆಲ್ಲ ತಿಕ್ಕುತ್ತಿದ್ದಳು. ನಾನೂ ಕೂತು ಇನ್ನೊಂದು ಕಡೆಯಿಂದ ತಿಕ್ಕಿದೆ. ಹಂಡೆಯನ್ನು ಬಿಸಿಲಿಗೆ ಬಾಯಿ ಮೇಲೆ ಮಾಡಿ ಇಟ್ಟಳು. ಒಣಗಿದ ಮೇಲೆ ಒಳಗೆ ಹೋಗಿ ಸೆರಗಿನಲ್ಲಿ ಜೋಳ ತಂದು ಒಂದು ಹಿಡಿ ಹಂಡೆಯ ತಳಕ್ಕೆ ಹಾಕಿದಳು. ಹರವಿ ತೊಳೆದು ಒಣಗಿಸಿ ಅದಕ್ಕೂ ಒಂದು ಹಿಡಿ. ಕೊಡಕ್ಕೂ ಒಂದು ಹಿಡಿ.

"ಇದೇನ" ಅಂದೆ.

"ಈಗ ಬರಿದು ಎಲ್ಲೈತ್ರಿ? ಜ್ವಾಳ ಐತಲ್ಲ."

ಸಂಜೆ ಆ ಜೋಳವನ್ನು ತೆಗೆದು ಬೇರೆ ಗಂಟು ಕಟ್ಟಿಟ್ಟು, ಹೊಸ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿದಳು. ಅಂದಿನಿಂದ ಬುಧವಾರಕ್ಕೊಮ್ಮೆ ಹೀಗೇ ನಡೆದಿದೆ. ನಾನು ಓದಿದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಎಂಥ ಮಾತಿಗೂ ಜಗ್ಗದ ಹೆಂಗಸು ಏಕೆ ಜಗ್ಗಿದಳು ಎಂಬುದನ್ನು ಕೊನೆಗೆ ಬರೆಯುತ್ತೇನೆ. ವೈನಿ ಹೊಸ ಕನ್ನಡಕದಲ್ಲಿ ಎಲ್ಲವನ್ನೂ ನೋಡಿ ಮರುವಾರವೇ ಬಂದು, "ಸತ್ತೆವ್ವಾ, ನಮ್ಮಲ್ಲಿ ಜ್ವಾಳ ತೀರೇತಿ, ಗೋವಿನಜ್ವಾಳ ನಡೀತೈತೇನ" ಎಂದು ಕೇಳಿದರು. ನಡೆಯುತ್ತದೆ ಎಂದು ನಿನ್ನ ಅವ್ವ ಅಪ್ಪಣೆ ಕೊಟ್ಟಳು. ಈಗ ಈ ಸಾಲಿನ ತೋಟಗಳಲ್ಲೆಲ್ಲ ಬುಧವಾರ ಹಂಡೆಗಳು ಬಿಸಿಲು ಕಾಯುತ್ತವೆ. ಯಾರಾದರೂ ಏಕೆಂದು ಕೇಳಿದರೆ, "ಸತ್ತೆವ್ವಗ ದೇವರು ಹೇಳೇತಂತ" ಎಂದು ವೈನಿ ಹೇಳುತ್ತಾರೆ. ನಾನು ತಿದ್ದಲು ಹೋಗಿಲ್ಲ. ನೀನು ನಂಬಲಿಕ್ಕಿಲ್ಲ, ಆದರೆ ನಿಜವಾಗಿಯೂ ತಿದ್ದಲು ಹೋಗಿಲ್ಲ.

ಮೊನ್ನೆ ಬಿಳಿ ಬಟ್ಟಲಿನಲ್ಲಿ ಮತ್ತೆ ನೀರು ತೆಗೆದು ನೋಡಿದೆ. ಬಟ್ಟಲಿನ ತಳ ಕಂಡಿತು, ಬೇರೇನೂ ಕಾಣಲಿಲ್ಲ.

ಹಬ್ಬ ಮುಗಿದ ಮೇಲೆ ನಿನಗೆ ಕುಬಸದ ಸೀರೆ ಉಡಿಸಿ ಉಡಿ ತುಂಬಲು ನಾವಿಬ್ಬರೂ ಬರುತ್ತೇವೆ. ಅಲ್ಲಿಂದ ನಮ್ಮ ಜೊತೆ ಹೊರಟರೆ ಕೋಣೆ ಸಿದ್ಧವಿದೆ. ಇಲ್ಲ, ಅಲ್ಲೇ ಇರುತ್ತೇನೆ ಅಂದರೆ ನಾನು ಒತ್ತಾಯ ಮಾಡುವುದಿಲ್ಲ. ನೀನು ಹೆದರಿದ್ದರೆ ಆ ಹೆದರಿಕೆಗೆ ಕಾರಣವಿದೆ, ಅದನ್ನು ತವರಿನ ಮೇಲಿನ ಮುನಿಸು ಎಂದು ನಾನು ತಿಳಿಯುವವನಲ್ಲ. ಎಲ್ಲಿದ್ದರೂ ಹೊತ್ತು ಮುಳುಗುವ ಮುಂದೆ ಪರದೆ ಇಳಿಬಿಟ್ಟು, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಂಡು ಮಲಗು. ಕೈಕಾಲು ಮುಚ್ಚುವ ಬಟ್ಟೆ ಉಡು. ಮೈ ಸ್ವಲ್ಪ ಬಿಸಿಯಾದರೂ ಅಂದೇ ಹೋಗಿ ರಕ್ತ ತೋರಿಸು, ಮನೆಯಲ್ಲಿರುವ ಗುಳಿಗೆ ನುಂಗಿ ದಾರಿ ಕಾಯಬೇಡ. ನಿಮ್ಮ ಮನೆಯ ಮಾಳಿಗೆಯ ಮೇಲಿನ ಟಾಕಿಯ ಮುಚ್ಚಳ ಸರಿಯಾಗಿ ಕೂಡುವುದಿಲ್ಲ, ಹೋದ ಸಲ ಬಂದಾಗ ನೋಡಿದ್ದೇನೆ. ಮಾಳೇಶನಿಗೆ ಹೇಳು. ಮಾವ ಇಲ್ಲಿಗೂ ಬಂದು ತಪ್ಪು ಹುಡುಕಿದ ಎಂದು ಅಳಿಯಂದಿರು ನಕ್ಕರೆ ನಗಲಿ, ಮುಚ್ಚಳ ಮಾತ್ರ ಹಾಕಿಸಲಿ.

ನಿನ್ನ ಅತ್ತೆ ಸಕ್ಕುಬಾಯಿಯವರಿಗೆ ನಮಸ್ಕಾರ ತಿಳಿಸು. "ತವರಿಗೆ ಹೋಗಿ ಕಳಕೊಂಡು ಬಂದ್ಲು" ಎಂದು ಅವರು ಅಂದ ಮಾತು ನಮ್ಮ ತನಕ ಬಂದಿತ್ತು. ಅದು ಅವರ ಸಂಕಟದ ಮಾತು, ನನ್ನ ಮನಸ್ಸಿನಲ್ಲಿ ಅದಿಲ್ಲ. ಹೊಟ್ಟೆಯ ಕೂಸಿಗೂ ನಿನಗೂ ಮಾಳೇಶನಿಗೂ ದೇವರು ತಂಪಾದ ನಿದ್ದೆ, ಗಟ್ಟಿ ಆಯುಷ್ಯ ಕೊಡಲಿ. ಕುರಿಗಳು ಪಕ್ಕದವರ ಸೋಯಾಬೀನಿನ ಕಡೆ ಹೊರಟಿವೆ, ಏಳುತ್ತೇನೆ.

ನಿನ್ನ ಅಪ್ಪ,
ಜಕ್ಕಪ್ಪ

ತಾ.ಕ.: ಕುರಿ ತಿರುಗಿಸಿಕೊಂಡು ಬಂದು ಮತ್ತೆ ಕೂತಿದ್ದೇನೆ. ಕೊನೆಗೆ ಬರೆಯುತ್ತೇನೆ ಎಂದದ್ದನ್ನು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ.

ಆ ಮೊದಲ ಬುಧವಾರ ನಾವಿಬ್ಬರೂ ಹಂಡೆ ತಿಕ್ಕುತ್ತಿದ್ದಾಗ ನಿನ್ನ ಅವ್ವ ತಲೆಯೆತ್ತದೆ ಕೇಳಿದಳು: "ಅನು ಪಂಚಮಿಗಿ ಬಂದಾಗ ಇದು ತುಂಬೇ ಇತ್ತಲ್ರಿ. ಬರಿದಾಗಿದ್ದು ಹೋಗೂ ದಿನ ಅಷ್ಟ." ನನ್ನ ಕೈ ನಿಂತಿತು. ನಾನು ನೀರನ್ನು ಏಕೆ ಚೆಲ್ಲುತ್ತಿದ್ದೆ ಎಂದು ಅವಳು ಅಷ್ಟು ದಿನ ಒಳಗೊಳಗೇ ಯೋಚಿಸಿದ್ದಳು. "ಹೌದು ಅನಬ್ಯಾಡ್ರಿ, ಅಲ್ಲ ಅಂತನೂ ಅನಬ್ಯಾಡ್ರಿ. ತಿಕ್ಕರಿ" ಅಂದಳು. ನಾನು ತಿಕ್ಕಿದೆ.

ಅಂದಿನಿಂದ ನೀನು ಬರುತ್ತೀಯೋ ಇಲ್ಲವೋ ಎಂದು ಅವಳು ಒಮ್ಮೆಯೂ ಕೇಳಿಲ್ಲ. ತಾನು ತುಂಬಿಟ್ಟ ನೀರಿನ ಈ ಸಂಗತಿ ನಿನಗೆ ಮೊದಲೇ ತಿಳಿದಿತ್ತು, ಅದಕ್ಕೇ ಬರುವುದಿಲ್ಲ ಎಂದೆ ಎಂದು ತಿಳಿದುಕೊಂಡಿದ್ದಾಳೆ. ಬಾಯಿಬಿಟ್ಟು ಹೇಳಿಲ್ಲ, ಕೋಣೆಗೆ ಪರದೆ ಕಟ್ಟುವಾಗ, "ಇರ್ಲಿ ಬಿಡ್ರಿ, ಯಾರಿಗೆ" ಎಂದದ್ದರಿಂದ ನನಗೆ ತಿಳಿಯಿತು.

ಈ ಪತ್ರ ಮುಟ್ಟಿದ ದಿನ ಫೋನ್ ಮಾಡು. ನಾನು ಎತ್ತಿದರೆ ಅವ್ವನಿಗೆ ಕೊಡು ಅನ್ನು. ಬರುತ್ತೇನೆ ಎಂದಾಗಲಿ ಬರುವುದಿಲ್ಲ ಎಂದಾಗಲಿ ಹೇಳಬೇಕಾಗಿಲ್ಲ. ಹೋದ ವರ್ಷದ ಮಾತೂ ಬೇಡ. ಬುಧವಾರದ ಜೋಳ ಎಷ್ಟು ಕೂಡಿದೆ ಎಂದು ಕೇಳು. ಆ ಗಂಟನ್ನು ಅವಳು ಬೀಸಲಿಕ್ಕೆ ಕೊಟ್ಟಿಲ್ಲ. ಬಾಣಂತಿಗೆ ಮೊದಲ ರೊಟ್ಟಿ ಅದರದೇ ಆಗಬೇಕೆಂದು ನಿನ್ನ ಕೋಣೆಯ ಗೂಡಿನಲ್ಲಿ ಇಟ್ಟಿದ್ದಾಳೆ.